ನಾನೇ ಒತ್ತಿ ತುಂಬಿದ ತೋಟೆ

1943 ಇರಬೇಕು. ಯುದ್ಧದಿಂದಾಗಿ ಮಂಗಳೂರಿನಲ್ಲಿ ಸೀಮೆಎಣ್ಣೆಗೇ ತತ್ವಾರ, ಇನ್ನು ಕೋವಿಯ ತೋಟೆ ಎಲ್ಲಿ ಸಿಗಬೇಕು? ಬೋಳಾರದಲ್ಲಿದ್ದ ನನ್ನ ಅಕ್ಕನ ಗಂಡ ವಾಮನ ಭಾವನಿಗೆ ಹಂದಿ ಬೇಟೆಯ ಹುಚ್ಚು. ಲೈಸೆನ್ಸ್ ಇದ್ದ ಹಳೆಯ ರೈಫಲ್ ಒಂದಿತ್ತು. ಹಾರಿಸಿದ ಹಿತ್ತಾಳೆ ತೋಟೆಗಳನ್ನು ಎಸೆಯದೆ, ಬುಡದಲ್ಲಿ ಕಿಡಿ ಹೊತ್ತಿಸುವ ಹೊಸ ಕೇಪು ಕೂರಿಸಿ, ಕರಿಮದ್ದು ತುಂಬಿ ಮತ್ತೆ ಬಳಸುತ್ತಿದ್ದರು.

ದೇವಸ್ಥಾನದ ಉತ್ಸವದಲ್ಲಿ ಕದಿನ ಸಿಡಿಸುವುದರಲ್ಲೂ ಭಾವ ಎತ್ತಿದ ಕೈ. ಆ ಕಬ್ಬಿಣದ ಕೊಳವೆಯಲ್ಲಿ ಮದ್ದನ್ನು ಗಟ್ಟಿಯಾಗಿ ಜಡಿದಷ್ಟೂ ಸದ್ದು ಜೋರು. ತೋಟೆಯನ್ನೂ ಅವರು ಹಾಗೆಯೇ ಜಡಿಯುತ್ತಿದ್ದರು. ಕರಿಮದ್ದು ಇರುವಷ್ಟು ದಿನ ಅದರಿಂದ ಏನೂ ಆಗಲಿಲ್ಲ.

ಒಮ್ಮೆ ಬಂದರಿನ ಪರಿಚಯದವರೊಬ್ಬರು ಅವರಿಗೆ ಹೊಗೆ ಬಾರದ ಹೊಸ ಮದ್ದಿನ ಡಬ್ಬಿಯೊಂದನ್ನು ಕೊಟ್ಟರು. ಭಾನುವಾರ ಬೆಳಿಗ್ಗೆ ನಾವಿಬ್ಬರೂ ಜಗಲಿಯಲ್ಲಿ ಕೂತೆವು. ಭಾವ ತೋಟೆಯ ಬಾಯಿಯವರೆಗೆ ಮದ್ದು ಸುರಿದು, "ರಾಘು, ಕೈಯಲ್ಲಿ ಶಕ್ತಿ ಉಂಟಲ್ಲ? ಒತ್ತು ಮಾರಾಯ" ಎಂದರು. ಮರದ ಕಡ್ಡಿಯಿಂದ ಒತ್ತಿದೆ. ಅವರು ಇನ್ನಷ್ಟು ಸುರಿದರು, ನಾನು ಇನ್ನಷ್ಟು ಒತ್ತಿದೆ.

"ಡಬ್ಬಿ ಮೇಲೆ ಎಂತ ಬರೆದದ್ದು?" ಎಂದು ಅಕ್ಕ ಒಳಗಿನಿಂದ ಕೇಳಿದಳು. ಆ ಮನೆಯಲ್ಲಿ ಇಂಗ್ಲಿಷ್ ಬಲ್ಲವನು ನಾನೊಬ್ಬನೇ. ಓದುವ ಗೋಜಿಗೇ ಹೋಗದೆ, "ಕಂಪೆನಿ ಹೆಸರು" ಅಂದುಬಿಟ್ಟೆ.

ಭಾವ ತೋಟೆಯ ಬಾಯಿಗೆ ಗುಂಡು ಕೂರಿಸಿ, ಕೋವಿ ಎತ್ತಿಕೊಂಡು, ಪರೀಕ್ಷೆ ಮಾಡಲೆಂದು ಮನೆಯ ಹಿಂದೆ ಕಲ್ಲು ಕಡಿದು ಪಾಳುಬಿಟ್ಟಿದ್ದ ಕೋರೆಗೆ ಹೋದರು. ಡಬ್ಬಿ ಎತ್ತಿಡುವಾಗ ಅದರ ಮೇಲೆ ಅಂಟಿಸಿದ್ದ ಚೀಟಿ ಓದಿದೆ. ಕರಿಮದ್ದಿನ ಅಳತೆಯಲ್ಲಿ ತುಂಬಬಾರದು, ಒತ್ತಲೇಬಾರದು, ಕೋವಿ ಒಡೆದೀತು ಎಂದಿತ್ತು. ಅಕ್ಕ ಆಗ ಏಳು ತಿಂಗಳ ಬಸುರಿ. ಅವಳಿಗೆ ಏನೂ ಹೇಳದೆ ಓಡಿದೆ. ಸದ್ದು ಈಗ ಬಂತು, ಈಗ ಬಂತು ಎಂದು ಹೆಜ್ಜೆ ಹೆಜ್ಜೆಗೂ ಕಿವಿಗೊಡುತ್ತಿದ್ದೆ.

ಕೋರೆಯ ಅಂಚು ತಲುಪಿದಾಗ ಭಾವ ಕೋವಿಗೆ ಕೆನ್ನೆ ಆನಿಸಿ ಗುರಿ ಹಿಡಿದಿದ್ದರು, ಬೆರಳು ಟ್ರಿಗರಿನ ಮೇಲೆ. ಜೋರಾಗಿ ಕೂಗಿದರೆ ಬೆಚ್ಚಿಬಿದ್ದು ಎಳೆದುಬಿಟ್ಟರೆ? "ಭಾವ, ಅಕ್ಕ ಕರೀತಾಳೆ" ಎಂದು ಮೆಲ್ಲಗೆ ಹೇಳಿದೆ.

"ಎಂತ ಅವಸರ? ಒಂದು ಹೊಡೆದು ಬರ್ತೇನೆ."

"ಅವಳಿಗೆ ಹೊಟ್ಟೆನೋವು."

ಕೋವಿ ಕೆಳಗಿಳಿಯಿತು. ಆಮೇಲೆ ನಿಜ ಹೇಳಿದೆ. ಅವರು ನಕ್ಕರು. "ಎಷ್ಟು ಕದಿನ ಜಡಿದಿದ್ದೇನೆ ನಾನು! ನೀನು ನನಗೆ ಕಲಿಸ್ತೀಯಾ?"

"ಹಾಗಾದ್ರೆ ಕದಿನದ ಹಾಗೇ ದೂರದಿಂದ ಹೊಡೀರಿ" ಎಂದು ಅವರ ಕಾಲು ಹಿಡಿದುಕೊಂಡೆ.

ನನ್ನ ಕಾಟ ತಾಳಲಾರದೆ ಕೋವಿಯನ್ನು ಕಲ್ಲುಗಳ ನಡುವೆ ಸಿಕ್ಕಿಸಿ, ಟ್ರಿಗರಿಗೆ ಹಗ್ಗ ಕಟ್ಟಿದರು. ಬಂಡೆಯ ಮರೆಯಿಂದ ಎಳೆದರು. ಆ ಸದ್ದಿಗೆ ಕಿವಿ ಗುಂಯ್ ಎಂದಿತು. ಎದ್ದು ನೋಡಿದರೆ ಕೋವಿಯ ಹಿಂಭಾಗ ಸೀಳಿಹೋಗಿತ್ತು, ಕೆನ್ನೆ ಆನಿಸುವ ಮರದ ಹಿಡಿಕೆ ಅಲ್ಲಿರಲೇ ಇಲ್ಲ. ಭಾವ ಬಂದು ನನ್ನ ಕೈ ಹಿಡಿದರು. ಮನೆ ತಲುಪುವವರೆಗೆ ಬಿಡಲಿಲ್ಲ.

ಇಪ್ಪತ್ತು ವರ್ಷ ಕಳೆದು, ಅಂದು ಅಕ್ಕನ ಹೊಟ್ಟೆಯಲ್ಲಿದ್ದ ಮಗಳ ಮದುವೆಯಾಯಿತು. ಭಾವ ಧಾರೆ ಎರೆಯುವಾಗ ಎಲ್ಲರೂ ಹುಡುಗಿಯನ್ನು ನೋಡುತ್ತಿದ್ದರು. ನಾನು ಮಾತ್ರ ಅಂದು ಕೋವಿಗೆ ಆನಿಸಿದ್ದ ಭಾವನ ಕೆನ್ನೆಯನ್ನೇ ನೋಡುತ್ತ ನಿಂತಿದ್ದೆ.