ಹಾಡುಹಗಲೇ ಹಾಕಿದ ಬಾಗಿಲು

ನನಗೆ ಬೇಕಾಗಿದ್ದದ್ದು ಒಂದೇ ಒಂದು ಸ್ವರ. ನೀಲಾಂಬರಿ ರಾಗದಲ್ಲಿ ನಾನೇ ಕಟ್ಟಿಕೊಂಡಿದ್ದ ಒಂದು ಸಣ್ಣ ಆಲಾಪನೆಯ ಕೊನೆಯ ಸ್ವರ. ಗಿಟಾರನ್ನು ತೊಡೆಯ ಮೇಲೆ ಅಡ್ಡ ಮಲಗಿಸಿಕೊಂಡು, ಎಡಗೈಯಲ್ಲಿ ಹಿಡಿದ ಉಕ್ಕಿನ ತುಂಡನ್ನು ತಂತಿಯ ಮೇಲೆ ಜಾರಿಸುತ್ತಾ ಮೇಲಿನಿಂದ ಇಳಿದು ಷಡ್ಜಕ್ಕೆ ಬಂದರೆ, ಆ ಸ್ವರ ಒಮ್ಮೆಲೇ ನಿಲ್ಲುವುದಿಲ್ಲ. ಸಣ್ಣಗಾಗುತ್ತಾ ಸಣ್ಣಗಾಗುತ್ತಾ, ಇದೆಯೋ ಇಲ್ಲವೋ ಅನ್ನುವಂತೆ ಬಹಳ ಹೊತ್ತು ಉಳಿಯುತ್ತದೆ. ನುಡಿಸುವವರ ಕೈ ಎಂಥದ್ದು ಅಂತ ತಿಳಿಯುವುದೇ ಅಲ್ಲಿ. ಅಷ್ಟು ಹೊತ್ತು ಟೇಪಿನಲ್ಲಿ ಬೇರೆ ಯಾವ ಸದ್ದೂ ಇರಬಾರದು ಅನ್ನುವುದು ನನ್ನ ಆಸೆ. ಯಲಹಂಕದ ನಮ್ಮ ಮನೆಗೆ ಅದು ಅತಿಯಾಸೆಯಾಯಿತು.

ಇದು ಅರವತ್ತರ ದಶಕದ ಮಾತು. ಶೇಷಾದ್ರಿಪುರದ ತವರಿನಲ್ಲಿ ಕಲಿತ ಗಿಟಾರು ಮದುವೆಯಾದ ಮೇಲೆ ಪಾತ್ರೆಪಗಡದ ಜೊತೆಗೆ ನನ್ನ ಹಿಂದೆಯೇ ಬಂತು. ಬಂದು ಸೇರಿದ್ದು ಹಳೇ ಊರಿನ ತೊಟ್ಟಿ ಮನೆ. ಹೊಲ, ದ್ರಾಕ್ಷಿ ತೋಟ, ಹಸು, ಕೋಳಿ, ಬಂದು ಹೋಗುವ ನೆಂಟರು, ಇವೆಲ್ಲಕ್ಕೂ ಯಜಮಾನಿಯಾಗಿ ನಮ್ಮ ಅತ್ತೆ. ಯಜಮಾನರು ಜಾಲಹಳ್ಳಿ ಕಡೆಯ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದರು. ಹಡಗಿನ ಕೆಲಸದಲ್ಲಿದ್ದ ಭಾವ ಒಮ್ಮೆ ರಜಕ್ಕೆ ಬಂದಾಗ ಸುರುಳಿಯ ಟೇಪ್ ರೆಕಾರ್ಡರ್ ಒಂದನ್ನು ತಂದು ನಮ್ಮಲ್ಲೇ ಬಿಟ್ಟು ಹೋದರು. ಅತ್ತೆ ಅದಕ್ಕೆ ಸುತ್ತೋ ಪೆಟ್ಟಿಗೆ ಅಂತ ಹೆಸರಿಟ್ಟರು.

ಯಜಮಾನರ ಜೊತೆ ಕೆಲಸ ಮಾಡುತ್ತಿದ್ದ ಜಾಲಹಳ್ಳಿಯವರೊಬ್ಬರಿಗೆ ನನ್ನ ಹಾಗೆಯೇ ಗಿಟಾರಿನ ಹುಚ್ಚು. ಅವರಿಗೆ ಹೆಬ್ಬಾಳದ ಮೇಷ್ಟ್ರೊಬ್ಬರು, ಯಶವಂತಪುರದ ರೈಲ್ವೆ ಕ್ವಾರ್ಟರ್ಸಿನವರೊಬ್ಬರು ಗೊತ್ತಿದ್ದರು. ಎಲ್ಲರಿಗೂ ಹೇಗೋ ಒಂದೊಂದು ಪೆಟ್ಟಿಗೆ ಸಿಕ್ಕಿತ್ತು, ಆದರೆ ಟೇಪು ಸಿಗುವುದು ದುರ್ಲಭ. ಹಾಗಾಗಿ ಒಂದೇ ಸುರುಳಿ ನಾಲ್ಕು ಮನೆ ಸುತ್ತುತ್ತಿತ್ತು. ಜಾಲಹಳ್ಳಿಯವರು ತಮ್ಮದನ್ನು ನುಡಿಸಿ ಹೆಬ್ಬಾಳಕ್ಕೆ ಕಳಿಸುತ್ತಿದ್ದರು, ಮೇಷ್ಟ್ರು ಯಶವಂತಪುರಕ್ಕೆ, ಅಲ್ಲಿಂದ ಕೊನೆಗೆ ನನಗೆ. ಎರಡನೇ ಸುತ್ತಿನಲ್ಲಿ ಒಬ್ಬೊಬ್ಬರೂ ಎಲ್ಲವನ್ನೂ ಕೇಳಿ, ಸುರುಳಿಯ ಕೊನೆಯಲ್ಲಿ ತಮ್ಮ ಅಭಿಪ್ರಾಯವನ್ನು ಮಾತಿನಲ್ಲಿ ಸೇರಿಸುತ್ತಿದ್ದರು. ಆಮೇಲೆ ಅದೇ ಟೇಪಿನ ಮೇಲೆ ಹೊಸ ಸುತ್ತು. ಹಳೆಯದೆಲ್ಲ ಅಳಿಸಿ ಹೋಗುತ್ತಿತ್ತು. ಸುರುಳಿ ಓಡಾಡುತ್ತಿದ್ದದ್ದು ಊಟದ ಡಬ್ಬಿಯ ಚೀಲದಲ್ಲಿ. ಆ ಮೂವರ ಮುಖವನ್ನು ನಾನು ನೋಡಿರಲಿಲ್ಲ, ಅವರೂ ನನ್ನನ್ನು ನೋಡಿರಲಿಲ್ಲ.

ಉಳಿದ ಮೂವರೂ ಶುರುವಿನಲ್ಲಿ "ನಮಸ್ಕಾರ, ನಾನು ಹೆಬ್ಬಾಳದಿಂದ" ಅಂತಲೋ "ಯಶವಂತಪುರದಿಂದ" ಅಂತಲೋ ಹೇಳುತ್ತಿದ್ದರು. ನನಗೆ ಮಾತ್ರ ಆ ಸೌಭಾಗ್ಯವಿರಲಿಲ್ಲ. ಅತ್ತೆ ಮೊದಲ ದಿನವೇ ಷರತ್ತು ಹಾಕಿದ್ದರು.

"ನೀನ್ ಬಾರ್ಸೋದು ನಾಕ್ ಜನ ಕೇಳ್ಲಿ, ನಾನ್ ಬ್ಯಾಡ ಅನ್ನಾಕಿಲ್ಲ. ಮಾತ್ ಮಾತ್ರ ಆಡ್ಬ್ಯಾಡ. ನಮ್ಮನೆ ಎಣ್ಮಗಳ ದನಿ ಯಾರ್ದೋ ಮನೆ ಪೆಟ್ಟಿಗೇಲಿ ಯಾಕಿರ್ಬೇಕು? ಕೈ ಓಗ್ಲಿ, ಗಂಟ್ಲು ಬ್ಯಾಡ."

ನನಗೆ ಸಿಟ್ಟು ಬಂತು. ಆದರೂ ಒಪ್ಪಿಕೊಂಡೆ. ಹೆಸರು ಹೇಳದಿದ್ದರೆ ಏನಂತೆ, ಕೈ ಇದೆಯಲ್ಲ, ಅದೇ ಹೇಳುತ್ತದೆ ಅಂದುಕೊಂಡೆ.

ಕೈ ಹೇಳುವುದಕ್ಕೆ ಮನೆ ಬಿಡಬೇಕಲ್ಲ. ನಾನು ಷಡ್ಜಕ್ಕೆ ಇಳಿಯುವುದನ್ನೇ ಕಾಯುತ್ತಿದ್ದ ಹಾಗೆ ಹುಂಜ ಕೂಗುತ್ತಿತ್ತು. ಹುಂಜವನ್ನು ಹಿತ್ತಲಿಗೆ ಅಟ್ಟಿದರೆ ಬೀಸುವ ಕಲ್ಲು ಶುರುವಾಗುತ್ತಿತ್ತು. ಅದು ನಿಂತರೆ, ವಾಯುಪಡೆಯ ತರಬೇತಿ ವಿಮಾನವೊಂದು ನಮ್ಮ ಹೆಂಚನ್ನೇ ಎಣಿಸುವ ಹಾಗೆ ತಲೆಯ ಮೇಲೆ ಹಾದು ಹೋಗುತ್ತಿತ್ತು. ಇವೆಲ್ಲ ತಪ್ಪಿದರೆ ಅತ್ತೆಯ ಕೆಮ್ಮು. ನಾನು ಹಲ್ಲು ಕಚ್ಚಿಕೊಂಡು ಮತ್ತೆ ಮೊದಲಿನಿಂದ ನುಡಿಸುತ್ತಿದ್ದೆ. ಕೊನೆಗೆ ಸಾಕಾಗಿ, ಇದ್ದದ್ದರಲ್ಲಿ ವಾಸಿ ಅನ್ನಿಸಿದ್ದನ್ನು ಕಳಿಸಿಬಿಡುತ್ತಿದ್ದೆ.

ಅದಕ್ಕೆ ಬರುತ್ತಿದ್ದ ಅಭಿಪ್ರಾಯಗಳು ಇನ್ನೂ ಕಿವಿಯಲ್ಲಿವೆ. "ಈ ಸಲ ರಾಗಿ ಬೀಸೋ ಸದ್ದು ತಾಳಕ್ಕೆ ಸೊಗಸಾಗಿ ಕೂತಿದೆ ಕಣಮ್ಮಾ," ಅಂದರು ಮೇಷ್ಟ್ರು. "ನಿಮ್ಮ ಹುಂಜಕ್ಕೆ ಶ್ರುತಿ ಜ್ಞಾನ ಇದೆ ತಂಗಿ, ಅದನ್ನ ಸಾಕ್ಕೊಳ್ಳಿ, ಕೊಯ್ಬೇಡಿ," ಅಂದರು ಯಶವಂತಪುರದವರು. ಜಾಲಹಳ್ಳಿಯವರಂತೂ ಬರೀ ನಕ್ಕರು. ಮೂವರೂ ಒಳ್ಳೆಯವರೇ, ನನ್ನನ್ನು ನೋಯಿಸಬೇಕು ಅಂತ ಯಾರಿಗೂ ಇರಲಿಲ್ಲ. ಆದರೆ ನೀಲಾಂಬರಿಯ ಬಗ್ಗೆ ಒಂದು ಮಾತಿಲ್ಲ! ಅದರಲ್ಲೂ ಯಶವಂತಪುರದವರ ಟೇಪು ಕೇಳಿದರೆ ಮೈ ಉರಿಯುತ್ತಿತ್ತು. ರೈಲ್ವೆ ಹಳಿಯ ಪಕ್ಕದಲ್ಲೇ ಮನೆ, ಆದರೂ ಅವರ ಗಿಟಾರಿನ ಹಿಂದೆ ಒಂದು ಸೂಜಿ ಬಿದ್ದ ಸದ್ದೂ ಇರುತ್ತಿರಲಿಲ್ಲ. ಯಾವ ಗಾಡಿ ಯಾವಾಗ ಅಂತ ಅವರಿಗೆ ಬಾಯಿಪಾಠ, ಎರಡು ಗಾಡಿಗಳ ನಡುವೆ ನುಡಿಸಿ ಮುಗಿಸುತ್ತಿದ್ದರು. ನಮ್ಮ ಹುಂಜಕ್ಕೆ ಟೈಮ್ ಟೇಬಲ್ ಎಲ್ಲಿಂದ ತರಲಿ?

ಒಂದು ದಿನ ಅತ್ತೆಯ ಮುಂದೆ ಕೂತು ಹೇಳಿಯೇಬಿಟ್ಟೆ. ಸ್ವಲ್ಪ ಹೊತ್ತು ಮುಂಬಾಗಿಲು ಹಾಕೋಣ, ಎಲ್ಲರೂ ಸುಮ್ಮನಿರೋಣ, ಅಷ್ಟು ಮಾಡಿಕೊಡಿ ಅಂತ. ಅತ್ತೆ ಆಶ್ಚರ್ಯವಾಗುವಷ್ಟು ಸಲೀಸಾಗಿ ಒಪ್ಪಿದರು. ಕಲ್ಲು ನಿಂತಿತು, ಹುಂಜ ಬುಟ್ಟಿಯ ಕೆಳಗೆ ಸೇರಿತು, ಬಾಗಿಲು ಹಾಕಿದ್ದಾಯಿತು. ನಾನು ಅರ್ಧ ನುಡಿಸಿರಲಿಲ್ಲ, ಬಾಗಿಲು ದಬದಬ ಬಡಿಯತೊಡಗಿತು. ತೆಗೆದರೆ ಎದುರು ಮನೆಯಾಕೆ, ಅವಳ ಹಿಂದೆ ಇನ್ನೂ ನಾಲ್ಕೈದು ಜನ ಹೆಂಗಸರು, ಸೆರಗನ್ನು ಬಾಯಿಗೆ ಒತ್ತಿಕೊಂಡು.

"ಏನಾಯ್ತಕ್ಕಾ? ಅಗ್ಲೊತ್ನಲ್ಲಿ ಬಾಗ್ಲಾಕ್ಕೊಂಡಿದೀರಾ, ಒಂದ್ ಸದ್ದಿಲ್ಲ ಸುದ್ದಿಲ್ಲ. ಯಾರ್ಗೇನಾಯ್ತು?"

ಆ ಕಾಲದ ಯಲಹಂಕದಲ್ಲಿ ಹಗಲು ಹೊತ್ತು ಬಾಗಿಲು ಹಾಕಿ ಮನೆ ಗಪ್ಚಿಪ್ಪಾಗಿದೆ ಅಂದರೆ ಒಳಗೆ ಹೆಣ ಬಿದ್ದಿದೆ ಅಂತಲೇ ಅರ್ಥ. ಅದರ ಮೇಲೆ ನಮ್ಮ ಅತ್ತೆಯ ದನಿ ಬೀದಿಗೆ ಕೇಳಿಸುತ್ತಿಲ್ಲ ಅಂದರೆ ಹೆಣ ಯಾರದ್ದು ಅಂತಲೂ ಅವರೇ ತೀರ್ಮಾನಿಸಿಬಿಟ್ಟಿದ್ದರು. ಅತ್ತೆ ಎದುರಿಗೆ ಬಂದು ನಿಂತಾಗ ಒಬ್ಬಾಕೆ ನಿಜವಾಗಿಯೂ ಬೆಚ್ಚಿಬಿದ್ದಳು. ಸುದ್ದಿ ಅಷ್ಟರಲ್ಲೇ ಬಸ್ಸು ಹತ್ತಿತ್ತು. ಸಾಯಂಕಾಲ ರಾಜಾನುಕುಂಟೆಯಿಂದ ಅತ್ತೆಯ ತಮ್ಮ ಹೆಗಲ ಮೇಲೆ ಟವೆಲ್ ಹಾಕಿಕೊಂಡು, ಬೀದಿಯ ತುದಿಯಿಂದಲೇ ಅಳುತ್ತಾ ಬಂದರು. ಅವರಿಗೆ ಊಟ ಹಾಕಿ ಸಮಾಧಾನ ಮಾಡಿ ಕಳಿಸುವಷ್ಟರಲ್ಲಿ ನನಗೇ ಅಳು ಬಂದಿತ್ತು.

ಅತ್ತೆ ಸೋಲುವವರಲ್ಲ. ಮುಂದಿನ ಸಲ ತಾವು ಬದುಕಿರುವುದು ಊರಿಗೆಲ್ಲ ಕಾಣಲಿ ಅಂತ ಬಾಗಿಲು ತೆಗೆದಿಟ್ಟು ಜಗಲಿಯ ಮೇಲೆ ಹೋಗಿ ಕೂತರು. ಮಾತಾಡಬೇಡಿ ಅಂತ ನಾನು ಹೇಳಿದ್ದೆ, ಅವರು ಚಾಚೂ ತಪ್ಪದೆ ಪಾಲಿಸಿದರು. ಹೋಗಿ ಬರುವವರೆಲ್ಲ ಮಾತಾಡಿಸಿದಾಗ ಬಾಯಿಗೆ ಬೆರಳಿಟ್ಟು, ಕೈಸನ್ನೆ ಮಾಡಿ, ತಲೆಯಾಡಿಸಿದರು. ನಾನು ಒಳಗೆ ಷಡ್ಜಕ್ಕೆ ಇಳಿಯುತ್ತಿದ್ದಾಗ ಹೊರಗಿನಿಂದ ಎದುರು ಮನೆಯಾಕೆಯ ಕೂಗು ಕೇಳಿಸಿತು.

"ಅಯ್ಯಯ್ಯೋ, ಬನ್ರಪ್ಪೋ! ಅಕ್ಕಂಗೆ ಬಾಯ್ ಬಿದ್ದೋಗೈತೆ!"

ಆ ಕೂಗು ಟೇಪಿನಲ್ಲಿ ಸ್ಪಷ್ಟವಾಗಿ ಕೂತಿತ್ತು. ಕಳಿಸುವುದಿಲ್ಲ ಅಂದೆ. ಸರದಿ ತಪ್ಪಿಸಬಾರದು ಅಂತ ಯಜಮಾನರು ಹಾಗೇ ಕಳಿಸಿದರು. ಯಶವಂತಪುರದವರು ಅತ್ತೆಯ ಆರೋಗ್ಯ ವಿಚಾರಿಸಿದರು, ಬಹಳ ಕಳಕಳಿಯಿಂದ. ಗಿಟಾರನ್ನು ಅಟ್ಟಕ್ಕೆ ಎಸೆದುಬಿಡೋಣ ಅನ್ನಿಸಿದ್ದು ಆಗಲೇ.

ಮುಂದಿನ ಸರದಿಗೆ ಅತ್ತೆಯೇ ಉಪಾಯ ಹೂಡಿದರು. ರಾಜಾನುಕುಂಟೆಯ ತಮ್ಮನ ಮನೆಯಲ್ಲಿ ಒಂದು ನಾಮಕರಣವಿತ್ತು. "ಎಲ್ರನ್ನೂ ನಾನ್ ಕರ್ಕೊಂಡ್ ಓಯ್ತೀನಿ. ನೀನ್ ಬಾಗ್ಲು ತೆಗ್ದಾಕಿ ಬಾರ್ಸ್ಕೊ. ಎಲ್ಲೋದ್ರು ಅಂತ ಯಾರೂ ಕೇಳ್ದಂಗೆ, ಇಡೀ ಬೀದಿಗೆ ಈಗ್ಲೇ ಯೋಳ್ಬುಟ್ಟು ಓಯ್ತೀನಿ," ಅಂದರು. ಹೇಳಿದಂತೆಯೇ ಮಾಡಿದರು. ಹಸುವನ್ನು ತೋಟಕ್ಕೆ ಹೊಡೆಸಿದರು, ಹುಂಜವನ್ನು ಕಂಕುಳಲ್ಲಿ ಅವುಚಿಕೊಂಡು ಬಸ್ಸಿಗೇ ಹತ್ತಿಸಿದರು. ಭಾನುವಾರವಾದ್ದರಿಂದ ವಿಮಾನವೂ ಇರಲಿಲ್ಲ. ತೆರೆದ ಬಾಗಿಲಿನಿಂದ ತೊಟ್ಟಿಯೊಳಗೆ ಬಿಸಿಲು ಬಿದ್ದಿತ್ತು. ನಾನು ಬಂದ ಮೇಲೆ ಮೊದಲ ಸಲ ಆ ಮನೆಗೆ ಸದ್ದೇ ಇರಲಿಲ್ಲ.

ನುಡಿಸಿದೆ. ಮೇಲಿನಿಂದ ಇಳಿದು ಷಡ್ಜಕ್ಕೆ ಬಂದು ನಿಂತೆ, ಸ್ವರ ಸಣ್ಣಗಾಗುತ್ತಾ ಹೋಯಿತು. ಅದು ಪೂರ್ತಿ ಮುಗಿದ ಮೇಲೂ ಉಸಿರು ಬಿಗಿಹಿಡಿದುಕೊಂಡೇ ಕೂತಿದ್ದೆ. ತಿರುಗಿಸಿ ಕೇಳಿದೆ. ಚೆನ್ನಾಗಿತ್ತು. ನನ್ನ ಬಗ್ಗೆ ನಾನೇ ಹೇಳಿಕೊಳ್ಳುತ್ತಿದ್ದೇನೆ ಅಂದುಕೊಂಡರೂ ಚಿಂತೆಯಿಲ್ಲ, ಬಹಳ ಚೆನ್ನಾಗಿತ್ತು. ಸಾಯಂಕಾಲ ಅತ್ತೆ ಬಂದಾಗ ಅವರಿಗೂ ಕೇಳಿಸಿದೆ. "ಪರ್ವಾಗಿಲ್ಲ, ನಮ್ ಉಂಜ ಊರ್ಗೋಗಿದ್ದಕ್ಕೆ ಸಾರ್ಥಕ ಆಯ್ತು," ಅಂದರು.

ಸುರುಳಿ ಹೋಗಿ ಎರಡನೇ ಸುತ್ತು ಮುಗಿಸಿ ವಾಪಸು ಬರುವವರೆಗೆ ನನಗೆ ನೆಲದ ಮೇಲೆ ಕಾಲಿರಲಿಲ್ಲ. ಬಂದ ದಿನ ಅತ್ತೆಯೂ ಪಕ್ಕದಲ್ಲೇ ಕಾಲು ಚಾಚಿ ಕೂತರು.

ಮೊದಲು ಜಾಲಹಳ್ಳಿಯವರ ದನಿ. "ಯಶವಂತಪುರದವರು ಈ ಸಲ ಎರಡು ಕಳಿಸಿದೀರಿ. ಎರಡ್ನೇದು, ಆ ನೀಲಾಂಬರಿ, ನಿಮ್ಮ ಕೈಯಲ್ಲಿ ಇಂಥದ್ದು ನಾನು ಕೇಳಿರ್ಲಿಲ್ಲ. ಆ ಕೊನೆ ಸ್ವರ, ಅಬ್ಬ!" ಆಮೇಲೆ ಮೇಷ್ಟ್ರು. ಅವರೂ ಅದನ್ನೇ ಇನ್ನಷ್ಟು ವಿವರವಾಗಿ ಹೊಗಳಿ, "ರೈಲಿನ ಪಕ್ಕ ಕೂತು ಇಷ್ಟು ಶಾಂತವಾಗಿ ನುಡಿಸೋದು ನಿಮ್ಮಿಂದಲೇ ಸಾಧ್ಯ," ಅಂದರು. ಕೊನೆಗೆ ಯಶವಂತಪುರದವರು. ಅವರಾದರೂ ಹೇಳುತ್ತಾರೆ ಅಂತ ನಾನು ಪೆಟ್ಟಿಗೆಗೆ ಕಿವಿ ಹಚ್ಚಿಕೊಂಡೆ.

"ಎರಡ್ನೇದು ನಂದಲ್ಲ ಸ್ವಾಮಿ. ಜಾಲಹಳ್ಳಿಯವರೇ, ವಿನಯಕ್ಕೆ ಹೆಸರು ಹೇಳ್ದೆ ನನ್ನ ತಲೆಗೆ ಕಟ್ತಿದೀರಿ. ಅದು ನಿಮ್ಮದೇ, ನನಗ್ಗೊತ್ತು. ಅಂದಹಾಗೆ ಯಲಹಂಕದ ತಂಗಿ ಈ ಸಲ ಏನೂ ಕಳಿಸಿಲ್ಲ. ಹುಷಾರಿಲ್ವೇನೋ."

ಆಗ ನನಗೆ ಆದದ್ದನ್ನು ಹೊಟ್ಟೆಕಿಚ್ಚು ಅನ್ನಲೋ, ದುಃಖ ಅನ್ನಲೋ ಗೊತ್ತಿಲ್ಲ. ಇಷ್ಟು ದಿನ ಈ ಮೂವರು ನನ್ನ ಗುರುತು ಹಿಡಿಯುತ್ತಿದ್ದದ್ದು ಹುಂಜದಿಂದ, ಕೆಮ್ಮಿನಿಂದ, ಬೀಸುವ ಕಲ್ಲಿನಿಂದ. ನನ್ನ ಕೈಯನ್ನು ಅವರು ಕೇಳಿಯೇ ಇರಲಿಲ್ಲ. ಕೇಳಿದಾಗ ಅದು ನನ್ನದಾಗಿರಬಹುದು ಅನ್ನುವ ಯೋಚನೆಯೂ ಯಾರಿಗೂ ಬರಲಿಲ್ಲ. ನನ್ನ ಸ್ವರವನ್ನು ತಾಂಬೂಲದ ತಟ್ಟೆಯ ಹಾಗೆ ಒಬ್ಬರು ಇನ್ನೊಬ್ಬರ ಕಡೆಗೆ ಸರಿಸುತ್ತಾ ಕೂತಿದ್ದರು.

ನನಗಿಂತ ಮೊದಲು ಅತ್ತೆ ಸಿಡಿದರು. "ಅದೆಂಗೆ ಜಾಲಳ್ಳಿಯವ್ರುದಾಯ್ತದೆ? ಉಂಜಾನ ಒತ್ಕೊಂಡ್ ಓಗಿದ್ದು ಅವ್ರಾ? ತಿರುಗ್ಸು, ನಿಂದು ಮತ್ತೆ ಆಕು!"

ತಿರುಗಿಸಿ ಹಾಕಿದೆ. ಆಲಾಪನೆ ಮುಂದುವರಿದಂತೆಲ್ಲ ಇಬ್ಬರ ಸಿಟ್ಟೂ ಏರಿತು. ಸ್ವರ ಮೇಲಿನಿಂದ ಜಾರತೊಡಗಿದಾಗ ಅತ್ತೆ ಮೈಕನ್ನು ಎತ್ತಿಕೊಂಡೇಬಿಟ್ಟರು. "ಒತ್ತು ಆ ಗುಂಡೀನ! ಇಲ್ಲೇ ಯೋಳ್ತೀನಿ!" ನಾನು ಅದೇ ಸಿಟ್ಟಿನಲ್ಲಿ ರೆಕಾರ್ಡಿನ ಗುಂಡಿ ಒತ್ತಿದೆ. ಗಂಟಲು ಬೇಡ ಅಂದಿದ್ದ ನಮ್ಮ ಅತ್ತೆ ಗಂಟಲು ಹರಿಯುವ ಹಾಗೆ ಹೇಳಿದರು.

"ಕೇಳ್ರಪ್ಪಾ! ಇದು ಜಾಲಳ್ಳಿಯವ್ರುದೂ ಅಲ್ಲ, ರೈಲಿನವ್ರುದೂ ಅಲ್ಲ. ಇದು ನಮ್ ಸೊಸೇದು. ಬಾರ್ಸ್ದೋಳು ಇವ್ಳು, ಮನೆ ಖಾಲಿ ಮಾಡ್ದೋಳು ನಾನು!"

ನಿಲ್ಲಿಸಿದ ಮೇಲೆ ಹೊಳೆಯಿತು. ತಿರುಗಿಸಿ ಕೇಳಿದೆ. ನೀಲಾಂಬರಿ ಬಂತು, ಇಳಿಯತೊಡಗಿತು, ಷಡ್ಜ ಬರಬೇಕಾದ ಜಾಗದಲ್ಲಿ ಅತ್ತೆ ಬಂದರು. ಅದರ ಆಚೆಗೆ ಆ ಸ್ವರದ ಸುಳಿವೂ ಇರಲಿಲ್ಲ.

"ಆ ಕೊನೇದು ಎಲ್ಲೋಯ್ತು?" ಅಂದರು ಅತ್ತೆ.

"ನಿಮ್ಮ ಮಾತಿನ ಕೆಳಗೆ ಹೋಯಿತು," ಅಂದೆ.

ಅತ್ತೆ ಸುಮ್ಮನಾದರು. ಯಾರೂ ಹೇಳದೆ ಅವರು ಹಾಗೆ ಸುಮ್ಮನಾದದ್ದನ್ನು ನಾನು ಬೇರೆಂದೂ ಕಾಣಲಿಲ್ಲ. ನಾನು ಎದ್ದು ಹಿತ್ತಲಿಗೆ ಹೋಗಿ ಅತ್ತುಬಿಟ್ಟೆ. ಯಾರ ಮೇಲೆ ಸಿಟ್ಟು ಅಂತ ಕೇಳಿದ್ದರೆ ಹೇಳಲು ಒಬ್ಬರೂ ಸಿಗುತ್ತಿರಲಿಲ್ಲ, ಅದಕ್ಕೇ ಇನ್ನಷ್ಟು ಅಳು ಬಂತು.

ಯಜಮಾನರು ಸುರುಳಿಯನ್ನು ಹಾಗೆಯೇ ಇನ್ನೊಂದು ಸುತ್ತು ಕಳಿಸಿದರು. ಮೂವರೂ ಕ್ಷಮೆ ಕೇಳಿದರು. ಕೊನೆಯಲ್ಲಿ ಯಶವಂತಪುರದವರ ದನಿ ನಗುತ್ತಿತ್ತು. "ಈಗ ಸಂಶಯವೇ ಇಲ್ಲ ತಂಗಿ, ಇದು ನಿಮ್ಮದೇ. ಆ ಕೊನೆ ಸ್ವರದ ಜಾಗಕ್ಕೆ ಮಾತ್ರ ಅಮ್ಮನವರು ಬಂದ್ಬಿಟ್ಟಿದಾರೆ. ಅದೊಂದನ್ನ ಇನ್ನೊಂದ್ಸಲ ನುಡಿಸಿ ಕಳಿಸಿ, ಸಾಕು."

ಇನ್ನೊಂದು ಸಲವಂತೆ. ನಾನು ಪೆಟ್ಟಿಗೆಯನ್ನು ನಿಲ್ಲಿಸಿದೆ. ಅತ್ತೆ ಎದ್ದರು, ಹುಂಜವನ್ನು ಬುಟ್ಟಿಯ ಕೆಳಗೆ ಹಾಕಿದರು, ಹೋಗಿ ಮುಂಬಾಗಿಲನ್ನು ಮುಚ್ಚತೊಡಗಿದರು. ಸಂದಿಯಲ್ಲಿ ನೋಡಿದೆ. ಎದುರು ಮನೆಯಾಕೆ ಆಗಲೇ ತನ್ನ ಜಗಲಿ ಇಳಿಯುತ್ತಿದ್ದಳು.