ಎಳೆ ಹಿಂದಕ್ಕೆ ಕೊಟ್ಟ ಕೈ

ಪ್ರಜ್ಞೆ ತಪ್ಪಿದ ಮನುಷ್ಯ ತಪ್ಪು ಒಪ್ಪು ನೋಡಿ ಕೆಲಸ ಮಾಡಬಲ್ಲ ಎಂದು ಯಾರಾದರೂ ಹೇಳಿದ್ದರೆ ನಾನು ನಂಬುತ್ತಿರಲಿಲ್ಲ. ಪತ್ರಿಕೆಯಲ್ಲಿ ವರ್ಷಗಟ್ಟಲೆ ದುಡಿದವನಿಗೆ ಇಂಥ ಸುದ್ದಿ ಬಂದಾಗ ಮೊದಲು ಏಳುವುದು ಅನುಮಾನ: ನೋಡಿದವರು ಯಾರು, ಎಷ್ಟು ಹತ್ತಿರದಿಂದ ನೋಡಿದರು? ಈ ಸಲ ನೋಡಿದವನು ನಾನೇ. ಆದ್ದರಿಂದ ಕಂಡಷ್ಟನ್ನೇ ಹೇಳುತ್ತೇನೆ.

ಕೆಲವು ವರ್ಷಗಳ ಹಿಂದೆ, ಇಳಕಲ್ ಸೀರೆಯ ಕೊಂಡಿ ಕೆಲಸದ ಬಗ್ಗೆ ಬರೆಯಲು ಬಾಗಲಕೋಟೆಯಿಂದ ಬೆಳಗಿನ ಬಸ್ಸಿಗೆ ಹೋಗಿದ್ದೆ. ಸೀರೆಯ ಒಡಲಿನ ನೂಲಿಗೆ ಸೆರಗಿನ ರೇಷ್ಮೆಯನ್ನು ಒಂದೊಂದೇ ಎಳೆ ಕುಣಿಕೆ ಹಾಕಿ ಸೇರಿಸುವುದೇ ಕೊಂಡಿ. ಒಬ್ಬರಿಂದ ಆಗುವ ಕೆಲಸವಲ್ಲ. ನೇಕಾರ ಮಲ್ಲಪ್ಪನವರು ನೆಲದ ಕುಣಿಯಲ್ಲಿ ಕಾಲು ಇಳಿಬಿಟ್ಟು ನೇಯುವ ಕುಣಿಮಗ್ಗದಲ್ಲಿ ಕೂತಿದ್ದರು. ಎದುರಿಗೆ ಅವರ ಹೆಂಡತಿ ಶಂಕ್ರವ್ವ ಎಳೆ ಎತ್ತಿ ಕೊಡುತ್ತಿದ್ದರು.

ನಾನು ಹೋದಾಗ ಮನೆಯಲ್ಲಿ ವಾದ ನಡೆದಿತ್ತು. ಮಲ್ಲಪ್ಪನವರು ಈಚೆಗೆ ಆಗಾಗ ಒಂದೆರಡು ನಿಮಿಷ ಕರೆದರೂ ಮಾತಾಡದೆ ಕೂತುಬಿಡುತ್ತಿದ್ದರಂತೆ. ಅಷ್ಟು ಹೊತ್ತು ಪ್ರಜ್ಞೆ ಇರುವುದಿಲ್ಲ ಎಂದು ಹೇಳಿದ ವೈದ್ಯರು ಗುಳಿಗೆ ಬರೆದುಕೊಟ್ಟಿದ್ದರು. ಮಗಳು ಸುಜಾತಾ ಅಪ್ಪನಿಂದ ಮಗ್ಗ ಬಿಡಿಸಲೇಬೇಕೆಂದು ಹಟ ಹಿಡಿದಿದ್ದಳು.

“ನನಗ ಎಚ್ಚರ ಇಲ್ದಿದ್ರ ನೇಯ್ಗಿ ಕೆಡಬೇಕಿತ್ತಲ್ಲ? ಒಂದ್ ತಪ್ಪು ತೋರ್ಸು, ಈಗ ಎದ್ದ್ ಬಿಡ್ತೇನಿ,” ಎಂದರು ಮಲ್ಲಪ್ಪ.

“ತಪ್ಪು ಆಗೂತನಕ ಕಾಯೂಣೇನಪಾ? ಪೇಪರಿನ ಸರ್ ಬಂದಾರ, ಅವ್ರ ನೋಡ್ಲಿ. ಅವ್ರು ಹೇಳಿದ್ದ ಕೇಳೂಣ,” ಎಂದಳು ಸುಜಾತಾ.

“ಪೇಪರಿನ್ಯಾಗ ಬಂದದ್ದೆಲ್ಲ ಖರೆ ಇರ್ತದೇನ?” ಎಂದು ಶಂಕ್ರವ್ವ ನಕ್ಕರು. ಮಲ್ಲಪ್ಪ ಮಾತ್ರ ನಗದೆ, “ಆತು, ಅವ್ರ ಮಾತಿಗೆ ನಾ ಬದ್ಧ,” ಎಂದರು.

ಹನ್ನೊಂದು ಗಂಟೆಯ ಹೊತ್ತಿಗೆ, ನನಗೆ ಬಣ್ಣದ ಬಗ್ಗೆ ಏನನ್ನೋ ಹೇಳುತ್ತಿದ್ದ ಮಲ್ಲಪ್ಪನವರ ಮಾತು ಅರ್ಧಕ್ಕೆ ನಿಂತಿತು. ಕೈ ನಿಲ್ಲಲಿಲ್ಲ. ಹೆಸರು ಹಿಡಿದು ಕೂಗಿದೆ. ಕಣ್ಣ ಮುಂದೆ ಬೆರಳಾಡಿಸಿದೆ. ರೆಪ್ಪೆ ಅಲುಗಲಿಲ್ಲ.

ಗಂಡನ ಮುಖವನ್ನೇ ನೋಡುತ್ತಿದ್ದ ಶಂಕ್ರವ್ವ ಗಾಬರಿಯಲ್ಲಿ ಎರಡು ಎಳೆ ಒಟ್ಟಿಗೆ ಕೊಟ್ಟರು. ಹಾಗೆ ಸೇರಿಸಿದರೆ ಮುಂದಿನ ಎಳೆಗಳೆಲ್ಲ ಜಾಗ ತಪ್ಪುತ್ತವೆ. ಮಲ್ಲಪ್ಪನವರ ಹೆಬ್ಬೆರಳು ಒಂದನ್ನು ಬಿಡಿಸಿ ಹೆಂಡತಿಯ ಕಡೆ ನೂಕಿತು. ಇನ್ನೊಂದಕ್ಕೆ ಕುಣಿಕೆ ಬಿತ್ತು. ಆಮೇಲೆ ಬೆರಳುಗಳು ಮುಂದಿನ ಎಳೆಗಾಗಿ ತೆರೆದುಕೊಂಡು ಕಾದವು. ಶಂಕ್ರವ್ವ ಅಳುತ್ತಿದ್ದರು, ಕೊಡಲಿಲ್ಲ. ಕೈ ಕಾಯುತ್ತಲೇ ಇತ್ತು.

ಒಮ್ಮೆ ಆದದ್ದು ಆಕಸ್ಮಿಕವಿರಬಹುದು. ಸುಜಾತಾಗೆ ಸನ್ನೆ ಮಾಡಿದೆ. ಅವಳು ತಾಯಿಯ ಜಾಗದಲ್ಲಿ ಕೂತು ಬೇಕೆಂದೇ ಎರಡು ಕೊಟ್ಟಳು. ಮತ್ತೆ ಒಂದು ಹಿಂದಕ್ಕೆ ಬಂತು.

ಸ್ವಲ್ಪ ಹೊತ್ತಿಗೆ ಮಲ್ಲಪ್ಪನವರು ಕಣ್ಣು ಮಿಟುಕಿಸಿದರು. ಹೆಂಡತಿಯನ್ನು ನೋಡಿ, “ಯಾಕ ಅಳಾಕತ್ತೀ? ಏನಾತು?” ಎಂದರು.

ನಡೆದದ್ದನ್ನು ಹೇಳಿದೆ. “ಎಳಿ ತಿರುಗಿ ಕೊಟ್ಟೆ ಅಂದ್ರ ನಾ ಇದ್ದೆ ಅಂತಾತಲ್ಲ!” ಎಂದು ಮಗಳ ಕಡೆ ಗೆದ್ದವರಂತೆ ನೋಡಿದರು.

“ಅವ್ವನ ಜಾಗಾದಾಗ ನಾ ಯಾವಾಗ ಬಂದು ಕುಂತೆ, ಹೇಳಪಾ,” ಎಂದಳು ಸುಜಾತಾ.

ಮಲ್ಲಪ್ಪನವರು ಮಗಳು ಕೂತಿದ್ದ ಜಾಗವನ್ನೊಮ್ಮೆ ನೋಡಿದರು. ನನ್ನ ಕಡೆ ತಿರುಗಿದರು. “ನೀವ ಹೇಳ್ರಿ. ನಾ ಇದ್ನೋ ಇಲ್ಲೋ?”

“ಕರದ್ರ ಓ ಅನ್ಲಿಲ್ರಿ. ಎಳಿ ಮಾತ್ರ ತಪ್ಪಲಿಲ್ಲ,” ಎಂದೆ. ಅದಕ್ಕಿಂತ ಹೆಚ್ಚು ನನಗೆ ಗೊತ್ತಿರಲಿಲ್ಲ.

ರೂಢಿಯಾದ ಕೆಲಸವನ್ನು ಕೈ ತಾನಾಗಿಯೇ ಮಾಡುತ್ತದೆ ಎಂದು ಆಮೇಲೆ ವೈದ್ಯರೊಬ್ಬರು ನನಗೆ ವಿವರಿಸಿದರು. ಒಪ್ಪಬಹುದು. ಆದರೆ ತಪ್ಪನ್ನು ಹಿಂದಕ್ಕೆ ಕೊಟ್ಟು ಸರಿಯಾದದ್ದಕ್ಕಾಗಿ ಕಾಯುವುದೂ ಬರಿಯ ರೂಢಿಯೇ? ಹಾಗಿದ್ದರೆ ನಾವು ಎಚ್ಚರದಲ್ಲಿದ್ದು ಮಾಡುವ ಕೆಲಸಗಳಲ್ಲಿ ಎಚ್ಚರದ ಪಾಲು ಎಷ್ಟು?

ಅಂದು ಮಲ್ಲಪ್ಪನವರು ಕೊಂಡಿಯ ಸಾಲಿನ ಮೇಲೆ ನಿಧಾನವಾಗಿ ಬೆರಳಾಡಿಸಿದರು. “ಎಲ್ಲಿಂದ ಎಲ್ಲಿತನಕ ನಾ ಇರ್ಲಿಲ್ರಿ?” ಎಂದು ಕೇಳಿದರು. ಹುಡುಕಿದೆ. ಕುಣಿಕೆಗಳೆಲ್ಲ ಒಂದೇ ಥರ ಇದ್ದವು. ಅವರೂ ಬಹಳ ಹೊತ್ತು ಹುಡುಕಿದರು. ಆ ಜಾಗ ಸಿಗಲಿಲ್ಲ. ಕಡೆಗೆ ಕುಣಿಯಿಂದ ಎದ್ದು ಬಂದು, ಮಗಳಿಗೆ, “ನಾ ಇಲ್ದದ್ದು ನನಗ ಗೊತ್ತಾಗವಲ್ದು. ನೀ ಕುಂದ್ರವಾ,” ಎಂದರು. ಕೊಂಡಿಯಲ್ಲಿ ಒಂದೂ ತಪ್ಪಿರಲಿಲ್ಲ.