ಓಬಮ್ಮ ತಿದ್ದಿದ ಕೈ

ನಮ್ಮವ್ವ ಓಬಮ್ಮ ಅಜ್ಜಂಪುರದ ಸ್ಕೂಲಲ್ಲಿ ಬಿಸಿಯೂಟ ಮಾಡ್ತಾಳೆ. ಅಡುಗೆ ಕೈ ಒಳ್ಳೇದು, ಬಾಯಿ ಮಾತ್ರ ಕೇಳಬೇಡಿ. ಯಾವ ಮಗುನಾದ್ರೂ ಎಡಗೈಲಿ ತುತ್ತು ಎತ್ತಿದ್ರೆ ಮುಗೀತು, ಸೌಟು ಹಿಡ್ಕೊಂಡು ಬಂದ್ಬಿಡ್ತಿದ್ಲು. "ಏಯ್, ಅದು ತೊಳ್ಕೊಳೋ ಕೈ ಕಣೋ! ಅನ್ನಕ್ಕೆ ಮರ್ಯಾದೆ ಬೇಡ್ವಾ?"

ಸ್ಕೂಲಲ್ಲೇ ಹಂಗೆ ಅಂದ್ಮೇಲೆ ಮನೇಲಿ ಬಿಡ್ತಾಳಾ? ನಮ್ಮಣ್ಣ ಹೊನ್ನೇಶ್ ಲಾರಿ ಓಡಿಸ್ತಾನೆ, ಅತ್ತಿಗೆ ಹೇಮಶ್ರೀ ಗಾರ್ಮೆಂಟ್ಸಿಗೆ ಹೋಗ್ತಾಳೆ. ಅವರ ಮಗಳು ನಿಶ್ಚಿತಾ ಬೆಳೆದಿದ್ದೆಲ್ಲ ಅವ್ವನ ಹತ್ರಾನೇ. ಮಗು ಹುಟ್ಟಾ ಎಡಚಿ. ಅವ್ವ ಆ ಎಡಗೈಗೆ ಬಟ್ಟೆ ಕಟ್ಟಿದ್ಲು, ಮೆಣಸಿನಪುಡಿ ಹಚ್ಚಿದ್ಲು, ಹೊಡೆದ್ಲು. ಕೊನೆಗೆ ಮಗು ಬಲಗೈಲೇ ಉಂಡ್ಲು, ಬಲಗೈಲೇ ಬರೆದ್ಲು. ಊರವರೆಲ್ಲ ಅವ್ವನ್ನ ಭೇಷ್ ಅಂದ್ರು. ನನಗೆ ಮೈಯೆಲ್ಲ ಉರೀತಿತ್ತು, ಆದ್ರೆ ತರೀಕೆರೆಗೆ ಕೊಟ್ಟ ಮಗಳ ಮಾತು ಅಲ್ಲಿ ಯಾರು ಕೇಳ್ತಾರೆ?

ಎರಡನೇ ಕ್ಲಾಸಲ್ಲಿ ನಿಶ್ಚಿತಾಗೆ ತಲೆನೋವು ಶುರುವಾಯ್ತು. ಬೆಳಿಗ್ಗೆ ಎದ್ರೆ ವಾಂತಿ. ಅವ್ವ ದೃಷ್ಟಿ ತೆಗೆದ್ಲು. ಆಮೇಲೆ ಎಡಗಾಲು ಎಳೆಯೋಕೆ ಶುರುವಾಯ್ತು. ತರೀಕೆರೆ ಡಾಕ್ಟ್ರು ಬೆಂಗಳೂರಿಗೆ ಕಳಿಸಿದ್ರು. ಮಿದುಳಲ್ಲಿ ಗಡ್ಡೆ, ಬಲಗಡೆ.

ನಾನಾಗ ತರೀಕೆರೇಲಿದ್ದೆ, ಇದೆಲ್ಲ ಅತ್ತಿಗೆ ಆಮೇಲೆ ಹೇಳಿದ್ದು. ಮಗು ಯಾವ ಕೈಯವಳು ಅಂತ ಅಲ್ಲಿ ಕೇಳಿದ್ರು. "ಬಲಗೈ" ಅಂದ್ಲು ಅವ್ವ. ಅಣ್ಣ, ಅತ್ತಿಗೆ ತಲೆಯಾಡಿಸಿದ್ರು. ಯಾರೂ ಸುಳ್ಳು ಹೇಳಲಿಲ್ಲ ಕಣ್ರೀ. ಅವರಿಗೆ ಅದು ಯಾವತ್ತೋ ವಾಸಿಯಾದ ಕಾಯಿಲೆ ಇದ್ದಂಗೆ.

ಆಪರೇಷನ್‌ಗೆ ಮುಂಚೆ ಡಾಕ್ಟ್ರು ಕಂಪ್ಯೂಟರಲ್ಲಿ ಒಂದು ಚಿತ್ರ ತೋರಿಸಿದ್ರು. ಉಲ್ಲನ್ ಉಂಡೆ ಬಿಚ್ಚಿ ಹಾಕ್ದಂಗೆ ನೀಲಿ, ಹಸಿರು, ಕೆಂಪು ಎಳೆಗಳು. "ಇವು ಕೈಕಾಲಿಗೆ ಹೋಗೋ ನರದ ದಾರಿಗಳು. ಎಂಆರ್‌ಐನಲ್ಲಿ ಹೀಗೆ ಕಾಣುತ್ವೆ. ಆಪರೇಷನ್ ಮಧ್ಯದಲ್ಲೂ ಮತ್ತೆ ಎಂಆರ್‌ಐ ಮಾಡಿ ನೋಡ್ಕೊಂಡು, ಇವಕ್ಕೆ ತಾಗದಂಗೆ ಗಡ್ಡೆ ತೆಗೀತೀವಿ."

"ಮಾತು ಹೋಗಲ್ಲ ತಾನೇ?" ಅಂದ್ಲು ಅತ್ತಿಗೆ.

"ಬಲಗೈ ಮಕ್ಕಳಿಗೆ ಮಾತಿನ ದಾರಿ ಸಾಮಾನ್ಯವಾಗಿ ಎಡಗಡೆ ಇರುತ್ತೆ. ಗಡ್ಡೆ ಇರೋದು ಬಲಗಡೆ. ಅದರ ಚಿಂತೆ ಬಿಡಿ."

ಅವ್ವ ಕುರ್ಚಿಯಿಂದ ಎದ್ದು ನಿಂತ್ಲು. "ಅವಳು ಬಲಗೈಯವಳಲ್ಲ ಸ್ವಾಮಿ. ಹುಟ್ಟಾ ಎಡಚಿ. ನಾನು ಹೊಡೆದೂ ಬಡಿದೂ ಬಲಗೈ ಮಾಡ್ದೆ."

ಡಾಕ್ಟ್ರು ಬೈಲಿಲ್ಲ. ಆಪರೇಷನ್ ಮುಂದಕ್ಕೆ ಹಾಕಿ ಇನ್ನೊಂದು ಎಂಆರ್‌ಐ ಬರೆದ್ರು. ಮೆಷಿನ್ ಒಳಗೆ ಮಲಗಿಸಿ, ಪ್ರಾಣಿಗಳ ಹೆಸರು ಮನಸ್ಸಲ್ಲೇ ಹೇಳ್ಕೋ ಅಂದ್ರಂತೆ ಮಗೂಗೆ. ನಿಶ್ಚಿತಾಗೆ ಮಾತಿನ ಜಾಗ ಬಲಗಡೇನೇ ಇತ್ತು, ದಾರಿ ಗಡ್ಡೆಗೆ ಅಂಟ್ಕೊಂಡೇ ಹೋಗಿತ್ತು. "ಅಂಟಿರೋ ಚೂರು ಬಿಟ್ಟು ಮಿಕ್ಕಿದ್ದು ತೆಗೀತೀವಿ. ಆದ್ರೂ ಮಾತು ಉಳಿಯುತ್ತೆ ಅಂತ ಭರವಸೆ ಕೊಡಕ್ಕಾಗಲ್ಲ" ಅಂದ್ರು.

ಆಪರೇಷನ್ ದಿನ ನಾನೂ ಅವ್ವನೂ ಬೆಂಚಿನ ಮೇಲೆ ಕೂತಿದ್ವಿ. ಅವಳನ್ನ ಬೈಯೋಣ ಅಂತ ಊರಿಂದ ಮಾತು ಜೋಡಿಸ್ಕೊಂಡೇ ಬಂದಿದ್ದೆ. ಬೈಯೋದು ಬಿಟ್ಟು ಎದುರಿನ ಗೋಡೆ ನೋಡ್ತಾ ಇದ್ದೆ. ಅವ್ವ ದೇವರನ್ನೂ ಕರೀಲಿಲ್ಲ. ಅಣ್ಣ ಕೊಟ್ಟ ಟೀ ಅವಳ ಕೈಯಲ್ಲೇ ಆರಿಹೋಯ್ತು.

ಮಾರನೇ ದಿನ ಅಣ್ಣ, ಅತ್ತಿಗೆ ನೋಡ್ಕೊಂಡು ಬಂದ್ಮೇಲೆ ನನ್ನನ್ನೂ ಅವ್ವನ್ನೂ ಐಸಿಯು ಒಳಗೆ ಬಿಟ್ರು. ಅಲ್ಲಿವರೆಗೂ ಮಗು ಒಂದು ಮಾತೂ ಆಡಿರ್ಲಿಲ್ಲ. ಕಣ್ಣು ಬಿಟ್ಟು ಅವ್ವನ್ನ ನೋಡಿದ್ಲು, ಅಷ್ಟೇ. ನರ್ಸಮ್ಮ ಅವಳ ಎಡಗೈಯೊಳಗೆ ತಮ್ಮ ಬೆರಳಿಟ್ಟು, "ಗಟ್ಟಿಯಾಗಿ ಹಿಡ್ಕೋ ಪುಟ್ಟಿ" ಅಂದ್ರು. ಕೈ ಅಲ್ಲಾಡ್ಲಿಲ್ಲ. ಇನ್ನೊಂದು ಸಲ ಹೇಳಿದ್ರು. ಆಗ್ಲೂ ಇಲ್ಲ. ಅವರ ಮುಖ ಸಣ್ಣಗಾಯ್ತು.

ಆಗ ಮಗು ತುಟಿ ಅಲ್ಲಾಡಿಸಿದ್ಲು. "ಈ ಕೈ ಬೇಡ. ಅಜ್ಜಿ ಹೊಡೀತಾಳೆ."

ಅಯ್ಯೋ, ಮಾತು ಬಂತಲ್ಲಪ್ಪಾ! ನಾನು ಜೋರಾಗಿ ಅತ್ತುಬಿಟ್ಟೆ. ಅವ್ವ ಅಳಲಿಲ್ಲ. ಹಿಂದಕ್ಕೆ ಸರೀತಾ ಸರೀತಾ ಪರದೆ ಆಚೆ ಹೋಗಿ ನಿಂತ್ಲು. ಅಲ್ಲಿಂದಲೇ ನರ್ಸಮ್ಮನ್ನ ಸನ್ನೆ ಮಾಡಿ ಕರೆದು, "ಅಜ್ಜಿ ಊರಿಗೆ ಹೋದ್ಲು ಅಂತ ಹೇಳ್ರವ್ವ" ಅಂದ್ಲು.

ನರ್ಸಮ್ಮ ವಾಪಸ್ ಬಂದು, ಮತ್ತೆ ಆ ಎಡಗೈಯೊಳಗೆ ಬೆರಳಿಟ್ಟು ಹಂಗೇ ಹೇಳಿದ್ರು. ನಿಶ್ಚಿತಾ ಬೆರಳು ಹಿಡ್ಕೊಂಡ್ಲು.